ಪಟಾಲಮ್ಮ ಕೂತ ಚಪ್ಪಡಿ

ಎಪ್ಪತ್ತನಾಲ್ಕನೆಯ ಇಸವಿ. ವಿಜಯನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಮಳೆ ಹಿಡಿದು ಕರೆಂಟೂ ಹೋದ ಆ ಸಂಜೆ ಗಿರಿಜಾದೇವಿಯ ಜಗಲಿಯಲ್ಲಿ ಲಾಟೀನಿನ ಸುತ್ತ ಅಕ್ಕಪಕ್ಕದ ಮಕ್ಕಳೆಲ್ಲ ಸೇರಿದ್ದವು. ಆ ಮನೆ ಕಟ್ಟಿದ ಮುದಿ ಮೇಸ್ತ್ರಿ ಹನುಮಯ್ಯ ಹಿತ್ತಲಲ್ಲಿ ಕಾಲು ತೊಳೆದು ಬಂದು ಗೋಡೆಗೊರಗಿದ. ಗಿರಿಜಾದೇವಿಯ ಮೂರು ವರ್ಷದ ಪುಟ್ಟಿ ಅವನ ತೊಡೆಯೇರಿತು.

“ಹಿತ್ತಲಲ್ಲಿ ನೀರಿನ ಸಂಪಿನ ಚಪ್ಪಡಿ ಯಾಕಮ್ಮಾ ಸರಿಸಿದೀರಿ?”

“ನಲ್ಲೀಲಿ ನೀರು ಬಿಟ್ರೆ ಒಳಗೆ ಬೀಳೋ ಸದ್ದು ಕೇಳಬೇಕಲ್ಲ ಮೇಸ್ತ್ರಿ. ಪ್ರತಿ ಸಲ ಎಳೆಯೋಕೆ ಇಬ್ಬರು ಬೇಕು, ಹಾರೆ ಬೇಕು. ಗೋಣಿಚೀಲ ಮುಚ್ಚಿದೀನಿ ಬಿಡಿ.”

“ಗೋಣಿಚೀಲಾನಾ? ಮಗೂಗೆ ಅದೂ ನೆಲಾನೇ ಕಣಮ್ಮಾ!” ಮುದುಕ ಮಕ್ಕಳ ಕಡೆ ತಿರುಗಿದ. “ಕೇಳ್ರಪ್ಪಾ... ಇದೆಲ್ಲಾ ರಾಗಿ ಹೊಲ ಆಗಿದ್ದಾಗ ಈ ಹಿತ್ತಲಲ್ಲೇ ಒಂದು ಬಾವಿ ಇತ್ತು, ಕಟ್ಟೆ ಇಲ್ಲದ ಬಾವಿ, ಅದರ ದಡದ ಚಪ್ಪಡಿ ಮೇಲೆ ಪಟಾಲಮ್ಮ ಅನ್ನೋ ಮುದುಕಿ ಬೆಳಗಾದ್ರೆ ಬಂದು ಕೂತ್ರೆ ಕತ್ತಲಾಗೋವರೆಗೂ ಏಳ್ತಿರಲಿಲ್ಲ... ಯಾಕೆ ಹೇಳಿ? ಕಳೆ ಕೀಳೋ ಹೆಂಗಸರ ಮಕ್ಕಳು ನೀರಿನ ಹತ್ರ ಹೋಗಬಾರದು ಅಂತ! ಹೋದ್ವೋ, ‘ಏಯ್ ಕೋತಿ, ಮೀನಿನ ಮದುವೆಗೆ ಹೊರಟ್ಯಾ?’ ಅಂತ ಕೋಲು ಬೀಸೋಳು. ಮಳೆ ಬಂದ್ರೂ ಗೋಣಿಕೊಪ್ಪೆ ಹಾಕ್ಕೊಂಡು ಅಲ್ಲೇ... ಎದ್ದಾಗ ನೋಡಿದ್ರೆ ಅವಳು ಕೂತಷ್ಟು ಜಾಗ ಮಾತ್ರ ಒಣಗಿರೋದು. ಅವಳಿದ್ದಷ್ಟು ದಿನ ಒಂದು ಮಗೂನೂ ಬೀಳಲಿಲ್ಲ. ಕೂತಲ್ಲೇ ಪ್ರಾಣ ಬಿಟ್ಲು... ಆಮೇಲೆ ಲೇಔಟ್ ಆಯ್ತು, ಬಾವಿ ಮುಚ್ಚಿದ್ರು. ಅಂಥಾ ಕಲ್ಲು ಬಿಸಾಕೋಕೆ ಮನಸ್ಸು ಬರುತ್ತಾ? ನಿಮ್ಮ ಸಂಪಿಗೆ ಮುಚ್ಚಿರೋದು ಅದನ್ನೇ...”

ಗಿರಿಜಾದೇವಿ ನಕ್ಕಳು. ನಗುತ್ತಲೇ ಮೇಸ್ತ್ರಿಯ ತೊಡೆ ಖಾಲಿಯಾಗಿರುವುದನ್ನು ಕಂಡಳು.

ಲಾಟೀನು ಕಸಿದುಕೊಂಡು ಹಿತ್ತಲಿಗೆ ಓಡಿದಳು. ಪುಟ್ಟಿ ಸಂಪಿನ ಬಳಿ ಮಳೆಯಲ್ಲಿ ತುಟಿ ಉಬ್ಬಿಸಿಕೊಂಡು ನಿಂತಿತ್ತು. “ಅಮ್ಮಾ, ಅಜ್ಜಿ ಬೈತು.”

ಮಗುವನ್ನು ಬಾಚಿ ಎದೆಗವಚಿಕೊಂಡ ಮೇಲೆಯೇ ಅವಳು ಬೆಳಕು ಹಿಡಿದು ನೋಡಿದ್ದು. ಬೆಳಿಗ್ಗೆ ತಾನೂ ಗಂಡನೂ ಹಾರೆ ಕೊಟ್ಟು ಸರಿಸಿದ್ದ ಚಪ್ಪಡಿ ಸಂಪಿನ ಬಾಯಿಗೆ ಭದ್ರವಾಗಿ ಕೂತಿತ್ತು. ಗಂಡ ಇನ್ನೂ ಕಾರ್ಖಾನೆಯಿಂದ ಬಂದಿರಲಿಲ್ಲ. ಗೋಣಿಚೀಲ ಎಲ್ಲೂ ಕಾಣಲಿಲ್ಲ. ಅಷ್ಟು ಜೋರು ಮಳೆಯಲ್ಲೂ ಕಲ್ಲಿನ ನಡುವೆ ಒಬ್ಬರು ಕೂರುವಷ್ಟು ಜಾಗ ಒಣಗಿಯೇ ಇತ್ತು.

ಹಿಂದೆ ಬಂದು ನಿಂತ ಹನುಮಯ್ಯ ಕಲ್ಲಿಗೆ ಕೈಮುಗಿದ. “ನಾಳೆ ಬೀಗ ಹಾಕೋ ಅಂಥ ಕಬ್ಬಿಣದ ಮುಚ್ಚಳ ತಂದು ಕೂರಿಸ್ತೀನಮ್ಮಾ... ಆದ್ರೆ, ಏಳು ಅಂತ ಅವಳಿಗೆ ನೀವೇ ಹೇಳಬೇಕು.”