ಬಡಗಿಯ ದವಡೆ

ಮದುವೆಯ ದಿನ ಬಡಗಿ ಹೆಂಡತಿಗೆ ಮಾತು ಕೊಟ್ಟಿದ್ದ: ಈ ಜನ್ಮದಲ್ಲಿ ಅವಳ ಮೇಲೆ ದನಿ ಎತ್ತುವುದಿಲ್ಲ ಎಂದು. ಹಲ್ಲಿನ ಆಸ್ಪತ್ರೆಯ ಬೆಂಚಿನ ಮೇಲೆ, ನಿದ್ದೆಹೋದ ಮಗಳನ್ನು ತೊಡೆಗೆ ಹಾಕಿಕೊಂಡು ಕಾಯುತ್ತಿದ್ದ ಒಬ್ಬ ತಾಯಿಗೆ ಇದು ಗೊತ್ತಾದದ್ದು ಪಕ್ಕದಲ್ಲಿದ್ದ ಆ ಗಂಡಹೆಂಡಿರ ಬಾಯಿಂದಲೇ. ಅವಳು ಮುಖವನ್ನು ಕಿಟಕಿಯತ್ತ ತಿರುಗಿಸಿದಳು. ಕಿವಿ ಮಾತ್ರ ಇತ್ತಲೇ ಇತ್ತು.

“ಬೆಳಿಗ್ಗೆ ಎದ್ರೆ ಕಿವಿ ನೋವು ಅಂತಿದ್ರಿ. ಎಷ್ಟು ಔಷಧಿ ಬಿಟ್ಟೆ ಆ ಕಿವಿಗೆ!”

“ನೋವು ಅಲ್ಲೇ ಇತ್ತಲ್ಲೇ.”

“ಅಗಿಯೋವಾಗ ದವಡೆ ಲಟಕ್ ಅಂತಿದ್ದದ್ದೂ ಕಿವೀನಾ? ರಾತ್ರಿಯೆಲ್ಲ ಕಟಕಟ ಹಲ್ಲು ಕಡೀತಿದ್ರಿ. ಇಲಿ ಅಂದ್ಕೊಂಡು ಬೋನು ಬೇರೆ ಇಟ್ಟೆ!”

“ಸಿಟ್ಟು ಬಂದಾಗೆಲ್ಲ ಹಲ್ಲು ಕಚ್ಚಿ ತಡ್ಕೊಂಡೆ. ಅದೇ ಅಭ್ಯಾಸ ಆಯ್ತು. ಮಾತು ಕೊಟ್ಟಿದ್ನಲ್ಲ, ದನಿ ಎತ್ತಲ್ಲ ಅಂತ.”

“ಅಯ್ಯೋ, ಅದಕ್ಕಾ! ಸರಿ, ಈಗ ಬಾಯಿ ತೆಗೀರಿ. ಮೂರು ಬೆರಳು ಹಿಡಿಸಿದ್ರೇನೇ ಹಲ್ಲಿನ ಅಚ್ಚು ತೆಗೆಯೋದಂತೆ. ಅಚ್ಚಿಲ್ದೆ ರಾತ್ರಿ ಹಾಕ್ಕೊಳ್ಳೋ ಕವಚ ಆಗಲ್ಲ.”

“ಎರಡೇ ಹಿಡಿಸೋದು. ತೆಗೆದ ಬಾಯಿ ಹಾಗೇ ನಿಂತ್ಬಿಟ್ರೆ? ಭಯ ಆಗುತ್ತೆ ಕಣೇ.”

ಹೆಂಡತಿ ಗಂಡನ ಹತ್ತಿರಕ್ಕೆ ಸರಿದಳು.

“ಒಂದು ವಿಷ್ಯ ಹೇಳ್ಲಾ? ನಿಮ್ಮ ಹೊಸ ಉಳಿ ಮೊಂಡಾಗಿತ್ತಲ್ಲ. ಅದ್ರಲ್ಲಿ ಬಣ್ಣದ ಡಬ್ಬದ ಮುಚ್ಚಳ ಮೀಟಿದ್ದು ನಾನೇ.”

“ನನ್ನ ಉಳೀಲಾ!”

ಬಡಗಿಯ ಕೂಗಿಗೆ ಪಕ್ಕದ ತಾಯಿಯ ತೊಡೆಯ ಮೇಲಿದ್ದ ಮಗು ಬೆಚ್ಚಿಬಿದ್ದು ಎದ್ದು ಕೂತಿತು. ಹೆಂಡತಿ ನಗುನಗುತ್ತಲೇ, ಕೂಗಿದ ರಭಸಕ್ಕೆ ಅಗಲವಾಗಿದ್ದ ಗಂಡನ ಬಾಯಿಗೆ ಬೆರಳು ಹಿಡಿದು ನೋಡಿದಳು.

“ಮೂರು! ಸಿಸ್ಟರ್, ಬೇಗ ಬನ್ನಿ, ಮುಚ್ಕೊಳ್ಳೋದ್ರೊಳಗೆ!”

ನರ್ಸ್ ಬಾಗಿಲು ತೆರೆದಳು. ತೆರೆದ ಬಾಯಲ್ಲೇ ನಗುತ್ತಾ ಬಡಗಿ ಹೆಂಡತಿಯ ಹಿಂದೆ ಒಳಗೆ ಹೋದ. ಕೊಟ್ಟ ಮಾತು ಮುರಿದಿತ್ತು.