ಜ್ವಾಳದ ಡ್ರಮ್ಮಿನ ಡಬ್ಬಿ

...ಮತ್ತ ಅದನ್ನ ಕೇಳ್ತಿಯಲ್ಲ ಶ್ವೇತಾ. ಕೊಟ್ಟೀನಿ ಅಂದೆ. ದಿನಕ್ಕ ಎರಡು ಹೊತ್ತು, ಮೂರು ದಿನ. ಆರು ಸಲ ಗುಳಿಗಿ, ಆರು ಸಲ ನೀ ಕಟ್ಟಿಟ್ಟು ಹೋದ ಶೇಂಗಾ ಉಂಡಿ. ಡಾಕ್ಟರಿಗೂ ಅದನ್ನ ಹೇಳೀನಿ. ಅತ್ತಿ ಅಂದ್ರ ಏನು, ಕೋರ್ಟಿನ್ಯಾಗ ನಿಂತ ಕಳ್ಳಿ ಅಂತ ತಿಳಿದಿಯೇನು?

ಹಂಗ ನೋಡಬ್ಯಾಡ. ಕೂಡು. ಮುಂಜಾನಿಂದ ಈ ದವಾಖಾನಿ ಬಾಕಿನ ಮ್ಯಾಲ ನಾ ಒಬ್ಬಾಕಿನ ಕುಂತೀನಿ. ಆ ಬಾಗಲ ಹಿಂದ ನನ್ನ ಮಗ ನಡುಗಾಕ ಹತ್ಯಾನ. ಬೋರ್‌ವೆಲ್ ಗಾಡಿ ಕೂಡ ಮಂಗಳೂರು ಕಡೆ ಹೋಗಿ ಮಲೇರಿಯಾ ಹಚ್ಚಿಕೊಂಡು ಬಂದ ಪ್ರಭುರಾಜ. ಗುಳಿಗಿ ನುಂಗಿದ, ಇಳೀತು. ಇಪ್ಪತ್ತು ದಿನಕ್ಕ ಮತ್ತ ಬಂತು, ಇಮ್ಮಡಿ ಆಗಿ ಬಂತು. ಯಾರ ತಪ್ಪು? ನಂದಾ?

ನಿಮ್ಮ ಗುಳಿಗೀದು ತಪ್ಪು. ನೀನ ಹೇಳಿದ್ದಿ, ಅದು ನೀರಿನ್ಯಾಗ ಕರಗಂಗಿಲ್ಲ, ಜಿಡ್ಡಿನ ಜೋಡಿ ಹೋದ್ರಷ್ಟ ರಕ್ತಕ್ಕ ಇಳೀತೈತಿ, ಇಲ್ಲಂದ್ರ ಹೊಟ್ಟ್ಯಾಗಿಂದ ಹಂಗ ಹೊರಗ ಹೋಗತೈತಿ ಅಂತ. ಅಂಥಾ ಗುಳಿಗಿ ಯಾಕ ಮಾಡ್ತೀರಿ? ನಾಕು ವರ್ಷಾತು, ತಾವರಗೇರಾದಾಗ ಬಸ್ ಹತ್ತಿ ಕೊಪ್ಪಳದ ಔಷಧ ಕಾಲೇಜಿಗೆ ಹೋಗಿ ಏನ ಅರೀತಿ ನೀನು? ಕಣ್ಣಿಗೆ ಕಾಣದಷ್ಟು ಸಣ್ಣ ಎಣ್ಣಿ ಹನಿಯೊಳಗ ಔಷಧ ತುಂಬತೀನಿ, ಬರೇ ಗಂಜಿ ಕುಡದಾವರ ಹೊಟ್ಟ್ಯಾಗೂ ಕರಗತೈತಿ ಅಂತಿದ್ದಿ. ಎಲ್ಲೈತಿ ಅದು? ನ್ಯಾನೋ ಅಂತ, ನ್ಯಾನೋ. ನಮಗೇನು ಗೊತ್ತಿಲ್ಲಾ? ಯೂರಿಯಾ ಚೀಲ ಕೇಳಾಕ ಹೋದ್ರ ಕೈಯಾಗ ನ್ಯಾನೋ ಅಂತ ಒಂದು ಬಾಟ್ಲಿ ತುರುಕತಾರಲ್ಲ, ಅದ ಹೌದಲ್ಲೇನು?

ಯಾಕ ನಗತಿ? ...ಓ, ಅಳಾಕ ಹತ್ತಿ. ಅಳು. ಮೊದಲ ಸಲ ಜ್ವರ ಬಂದಾಗ, ಕಾಲೇಜಿನ್ಯಾಗ ಇಲಿಗೆ ಔಷಧ ಕುಡಸೂದೈತಿ, ಮೂರು ದಿನ ಬಿಟ್ರ ವರ್ಷದ ಕೆಲಸ ಹಾಳಾಗತೈತಿ ಅಂತ ಹೋದಾಕಿ ನೀನು. ಗಂಡಗ ಮೈ ಸುಡೂವಾಗ ಇಲಿ ಹೆಚ್ಚಾತು ನಿನಗ. ಕಾಸೀಮಬೀ ಗ್ವಾಡಿ ಆ ಕಡೆಯಿಂದ ಕೇಳಿದ್ಳು, ಸೊಸಿ ಎಲ್ಲ್ಯವ್ವಾ ಅಂತ. ಏನ ಹೇಳ್ಲಿ?

ಏನು, ಡಾಕ್ಟರ್ ಮತ್ತ ಕೇಳಾಕ ಕಳಿಸ್ಯಾರ? ಜಿಡ್ಡು ತಿಂದಾನ ಅಂದ್ರ ಗುಳಿಗೀನ ಸೋತೈತಿ ಅಂತ ಬರೀತಾರ, ತಿಂದಿಲ್ಲ ಅಂದ್ರ ಅವನ ಮುಂದಿನ ಔಷಧದ ವಿಚಾರನ ಬ್ಯಾರೆ? ತಿಂದಾನ ಅಂತ ಹೇಳು ಹೋಗು. ಎಷ್ಟು ಸಲ ಹೇಳ್ಲಿ.

ಅದೇನು ಚೀಲದಾಗ? ಅವನ ಅರಿವಿ ತರಾಕ ಮನಿಗೆ ಹೋಗಿದ್ದಿ... ಆ ಡಬ್ಬಿ ಎಲ್ಲಿ ಸಿಕ್ತು? ಜ್ವಾಳದ ಡ್ರಮ್ಮಿನ್ಯಾಗ ಕೈ ಹಾಕಿದಿಯೇನು? ನನ್ನ ಕೇಳದ?

ಮುಚ್ಚಳ ತಗೀಬ್ಯಾಡ. ಮಂದಿ ಅದಾರ.

...ಎಣಿಸಬ್ಯಾಡ. ಆರೂ ಅದಾವು.

ತಿನ್ನೂದು ಚೆಲ್ಲಾಕ ಮನಸಾಗಲಿಲ್ಲ, ಅದಕ್ಕ ಮುಚ್ಚಿಟ್ಟೆ. ಜ್ವರದಾಗ ಯಾರರ ಎಣ್ಣಿ-ತುಪ್ಪ ಕೊಡತಾರೇನು? ಪಥ್ಯ ಅನ್ನೂದು ನಿಮ್ಮ ಕಾಲೇಜಿನ್ಯಾಗ ಕಲಸಂಗಿಲ್ಲಾ? ನುಚ್ಚಿನ ಗಂಜಿ ಕುಡಿಸಿದೆ. ಬಾಯಿ ಒಗರು ಅಂತಿದ್ದ, ಆದ್ರೂ ಕುಡದ.

ನಿನ್ನ ಗಂಡಗ ಒಬ್ಬ ಅಣ್ಣ ಇದ್ದ. ಗೋವಿಂದರಾಜ. ಹೇಳಿಲ್ಲ, ಯಾರೂ ಹೇಳಿಲ್ಲ ನಿನಗ. ಐದು ವರ್ಷದ್ದು. ಹಿಂಗ ಜ್ವರ. ತುಪ್ಪ ಹಾಕಿದ ಅನ್ನ ಬೇಕವ್ವಾ ಅಂತ ಅತ್ತ, ಕರಳು ತಡೀಲಿಲ್ಲ, ಎರಡು ತುತ್ತು ಕೊಟ್ಟೆ. ಮರುದಿನ ಹೋತು ಕೂಸು. ಮಣ್ಣು ಮಾಡಿ ಬಂದ ಮಂದಿ ಮುಂದ ನಮ್ಮತ್ತಿ ನನ್ನ ಕಡೆ ಬಟ್ಟು ಮಾಡಿ ಅಂದ್ಳು, ಕಳಕಮ್ಮ ತುಪ್ಪ ಹಾಕಿ ಕೊಂದ್ಳು ಅಂತ. ಅವತ್ತಿನಿಂದ ನಾ ತುಪ್ಪ ಮುಟ್ಟಿಲ್ಲ. ನೀ ಉಂಡಿ ಕೊಟ್ಟು ಬಸ್ ಹತ್ತಿದಿ. ಆ ಡಬ್ಬಿ ತಗೊಂಡು ಅವನ ಹಾಸಿಗಿ ತನಕ ಹೋದೆ, ಮೂರು ದಿನಾನೂ ಹೋದೆ. ಕೈ ಮುಂದ ಬರಲಿಲ್ಲ.

ಈಗ ನೀ ಅನ್ನು. ಕೊಡದ ಕೊಂದ್ಳು ಅನ್ನು. ಜೋರಾಗಿ ಅನ್ನು, ಕೇಳಾಕ ಇಷ್ಟು ಮಂದಿ ಅದಾರ. ...ಶ್ವೇತಾ? ಬೈಯಾಕ ಏನಾಗೇತಿ ನಿನಗ?

ಎದ್ದು ಎಲ್ಲಿ ಹೊಂಟಿ? ಡಾಕ್ಟರ್ ಕಡೆ? ತಡಿ. ಸುಳ್ಳು ಹೇಳಿದಾಕಿ ನಾನು. ಆ ಡಬ್ಬಿ ಇತ್ತ ಕೊಡು, ನಾನ ಹಿಡಕೊಂಡು ಬರ್ತೀನಿ.