ಅರ್ಧಕ್ಕೆ ಬಿಟ್ಟ ಬಳ್ಳಿ

ದೀಪ ಸಣ್ಣ ಮಾಡಿ, ಹತ್ತಿರ ಬನ್ನಿ. ಇದು ಯಾರೋ ಎಲ್ಲೋ ಕಟ್ಟಿದ ಕತೆಯಲ್ಲ, ನಮ್ಮ ದೊಡ್ಡಮ್ಮನ ಮಗಳಿಗೇ ಆದದ್ದು. ಬಟ್ಟೆ ಗಿರಣಿಗೆ ಹೂಬಳ್ಳಿಯ ಚಿತ್ತಾರ ಬರೆಯುವವಳು. ಮನೆಯಲ್ಲಿ ಒಬ್ಬಳೇ. ಆ ತಿಂಗಳು ಪೂರ್ತಿ ಅವಳಿಗೆ ಗಿರಣಿಯಲ್ಲಿ ರಾತ್ರಿ ಪಾಳಿ.

ಅವತ್ತೂ ಪಾಳಿ ಮುಗಿಸಿ ನಡುರಾತ್ರಿ ನಡೆದು ಬರುತ್ತಿದ್ದಳು. ಹಾಳು ಬಾವಿ ದಾಟಿದರೆ ಪರದೆ ಬಟ್ಟೆಯ ಅಂಗಡಿ. ಗಾಜಿನೊಳಗೆ ಕಣ್ಣು ಹೋಯಿತು... ಕಾಲು ನಿಂತೇಬಿಟ್ಟಿತು. ಅಲ್ಲಿ ತೂಗುತ್ತಿದ್ದದ್ದು ಅವಳದೇ ಬಳ್ಳಿ! ಗಿರಣಿಯವರಿಗೂ ಇನ್ನೂ ತೋರಿಸಿರಲಿಲ್ಲ. ಮನೆಯ ಕಂಪ್ಯೂಟರಿನಲ್ಲಿ ಅದನ್ನು ಅರ್ಧಕ್ಕೇ ಬಿಟ್ಟಿದ್ದಳು. ಇಲ್ಲಿ... ಪೂರ್ತಿಯಾಗಿತ್ತು. ಚಿತ್ತಾರ ಸೋರಿದ್ದು ಗಿರಣಿಗೆ ಗೊತ್ತಾದರೆ ಅವಳ ಅನ್ನಕ್ಕೇ ಕಲ್ಲು ಬೀಳುತ್ತದೆ.

ಮನೆಗೆ ಬಂದು ಬೀಗ ತೆಗೆದಳು. ಖಟ್. ಒಳಗೆ ಕತ್ತಲು. ಕಂಪ್ಯೂಟರಿನ ಫ್ಯಾನ್ ಮಾತ್ರ... ಗುರ್ರ್... ಗುರ್ರ್... ಸುಮ್ಮನೆ ಬಿದ್ದಿರಬೇಕಾದದ್ದಕ್ಕೆ ಇಷ್ಟು ಏದುಸಿರೇಕೆ?

ಚಪ್ಪಲಿಯನ್ನೂ ಬಿಡದೆ, ನಿಂತೇ, ಕಂಪ್ಯೂಟರಿನಲ್ಲಿ ಕಣ್ಣಿಗೆ ಕಾಣದೆ ಓಡುವ ಪ್ರೋಗ್ರಾಮುಗಳ, ಅಂದರೆ ಸೇವೆಗಳ, ಪಟ್ಟಿ ತೆರೆದಳು. ಪ್ರಿಂಟರಿನದು, ಇರಲಿ. ಗಡಿಯಾರದ್ದು, ಇರಲಿ. ಇದೇನಿದು? ದೂರದಿಂದ ಕೂತು ಇಲ್ಲಿನ ಸ್ಕ್ರೀನ್ ನೋಡುವ ಸೇವೆ! ತಾನು ಯಾವತ್ತೂ ಹಾಕಿದ್ದಲ್ಲ. ಕಂಪ್ಯೂಟರಿನ ಒಳಬಾಗಿಲೇ ಹಾರುಹೊಡೆದುಕೊಂಡಿತ್ತು. ಆ ಬಾಗಿಲಿನಿಂದ ಬಂದುಹೋದ ಹೊರಗಿನ ಕಂಪ್ಯೂಟರ್ ಒಂದೇ. ಅದರ ಹೆಸರು ಗುಬ್ಬಿ.

ಗುಬ್ಬಿ ಅಂದರೆ ಒಡಹುಟ್ಟಿದ ತಂಗಿ. ಆ ಅಡ್ಡಹೆಸರು ಇಟ್ಟವಳೇ ಇವಳು. ಕಂಪ್ಯೂಟರ್ ತಂದಾಗ ಎಲ್ಲ ಜೋಡಿಸಿಕೊಟ್ಟವಳು ಆ ತಂಗಿಯೇ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರ ಹತ್ತಿರ ಹೇಳಿಕೊಳ್ಳೋದು? ಫೋನ್ ಮಾಡಿದಳು.

"ಕದ್ದೆಯೇನೇ?" ಪಿಸುದನಿಯಲ್ಲೇ ಕೇಳಿದಳು.



"ಅಕ್ಕಾ... ತಪ್ಪಾಯ್ತು. ಅಂಗಡಿಯವರಿಗೆ ಆ ಬಳ್ಳಿ ಒಂದೇ ಕೊಟ್ಟಿದ್ದು."

"ನಾನಿನ್ನೂ ಮುಗಿಸೇ ಇಲ್ವಲ್ಲೇ! ಮುಗಿಸಿದ್ದು ಯಾರು, ನೀನಾ?"

"ನನಗೆಲ್ಲಿ ಬರುತ್ತೆ? ನೀನೇ ಅಲ್ವಾ ರಾತ್ರಿ ಹೊತ್ತು ಕೂತು ಬರೆದಿದ್ದು? ಇಲ್ಲಿಂದ ನೋಡ್ತಾನೇ ಇದ್ದೆ. ಒಂದೊಂದೇ ಎಲೆ ಮೂಡ್ತಿತ್ತು..."

"ರಾತ್ರಿ ಹೊತ್ತು ನಾನು ಗಿರಣಿಯಲ್ಲಿರ್ತೀನಿ ಕಣೇ."

ಗುಬ್ಬಿಯ ದನಿ ನಡುಗಿತು. "ಹಾಗಾದ್ರೆ... ಈಗಷ್ಟೇ ಬರೀತಿದ್ದೋರು ಯಾರು?"

"ಕದ್ದಿದ್ದೂ ಅಲ್ಲದೆ ಕತೆ ಬೇರೆ ಕಟ್ತೀಯಾ? ಇನ್ನು ನನ್ನ ಮನೆ ಮೆಟ್ಟಿಲು ಹತ್ತಬೇಡ."

"ನಿನ್ನಾಣೆ ಅಕ್ಕಾ, ಹೊರಗೆ ಬಾ... ಮೊದಲು ಹೊರಗೆ ಬಾ..."

ಟಕ್. ಫೋನ್ ಕುಕ್ಕಿದಳು.

ಆ ಸೇವೆ ನಿಲ್ಲಿಸಿದಳು. ಬರೀ ನಿಲ್ಲಿಸಿದರೆ ಸಾಲದು, ನಾಳೆ ತಾನಾಗಿ ಎದ್ದು ಕೂರುತ್ತದೆ. ಇನ್ನೊಮ್ಮೆ ಏಳದ ಹಾಗೆ ಪೂರಾ ಬಂದ್ ಮಾಡಿದಳು. ನೆಟ್ಟಿನ ವೈರನ್ನೂ ಕಿತ್ತು ಬಿಸಾಕಿದಳು. ಫ್ಯಾನಿನ ಸದ್ದು ಇಳಿಯಿತು... ಗುರ್ರ್... ರ್ರ್... ನಿಂತಿತು.

ಆಗ ಬಂತು ನೋಡಿ ಅಳು. ಕಂಕುಳಲ್ಲಿ ಹೊತ್ತು ತಿರುಗಿದ ತಂಗಿ ಹೀಗೆ ಮಾಡಿದಳಲ್ಲ ಅಂತ. ಅವಳ ಬಾಯಿಂದ ಬರುವ ಒಂದು ಮಾತನ್ನೂ ಇನ್ನು ನಂಬಬಾರದು ಅಂದುಕೊಂಡಳು. ಕಂಪ್ಯೂಟರಿನ ಮುಂದಿನ ಕುರ್ಚಿ ಎಳೆದು ಕುಸಿದು ಕೂತಳು.

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಅವಳೇ ನನ್ನ ಕೈ ಹಿಡಿದು ಹೇಳಿದ್ದು. ಸಂಜೆಯಿಂದ ಬೀಗ ಹಾಕಿದ್ದ ಮನೆ...

ಕುರ್ಚಿ ಬೆಚ್ಚಗಿತ್ತು.